ಕಂಪ್ಯೂಟರಿಗೊಂದು ಕಾಯಂ ವಿಳಾಸ

ನಿನ್ನೆಯವರೆಗೆ ಸುಸೂತ್ರವಾಗಿ ನಡೆಯುತ್ತಿದ್ದ ಕಾರ್ಯವು ಇಂದು ಬೆಳಿಗ್ಗೆ ಕೆಟ್ಟು ಕುಳಿತರೆ, ಗೃಹಸ್ಥನ ಸಂದೇಹ ಮೊದಲು ಹೋಗುವುದು ಮಕ್ಕಳ ಮೇಲೆ. ನಡುಮನೆಯ ಕಂಪ್ಯೂಟರಿನಲ್ಲಿ ಕುಟುಂಬದ ಹತ್ತು ವರ್ಷಗಳ ಛಾಯಾಚಿತ್ರಗಳಿವೆ. ಮಹಡಿಯ ಮೇಲಿನ ಲ್ಯಾಪ್‌ಟಾಪು ಅವನ್ನು ತೆರೆಯುತ್ತಿತ್ತು. ಅಲ್ಲಿಗೆ ಜೋಡಿಸಿದ ಪ್ರಿಂಟರಿನಿಂದ ಕಾಗದಗಳನ್ನು ಮುದ್ರಿಸುತ್ತಿತ್ತು. ಈಗ ನೋಡಿದರೆ ಆ ಯಂತ್ರ ಸಿಗುತ್ತಿಲ್ಲವೆಂಬ ಉತ್ತರ. ಮಗಳ ಹಾಲ್ ಟಿಕೆಟ್ಟನ್ನು ಮುದ್ರಿಸಬೇಕಾದ ದಿನವೇ ಹೀಗಾಗುವುದೂ ಉಂಟು. ಪಾಪ, ಮಕ್ಕಳು ನಿರಪರಾಧಿಗಳು. ರಾತ್ರಿ ಕರೆಂಟು ಹೋಗಿ ಬಂದಿದೆ. ಕಂಪ್ಯೂಟರಿನ ವಿಳಾಸ ಬದಲಾಗಿದೆ. ಲ್ಯಾಪ್‌ಟಾಪು ಮಾತ್ರ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿದೆ.

ಈ ವಿಳಾಸವೆಂಬುದು 192.168.1.7 ಎಂಬಂತೆ ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ಸಾಲು. ಇದಕ್ಕೆ ಐಪಿ ವಿಳಾಸವೆಂದು ಹೆಸರು. ಮನೆಯೊಳಗೆ ಇದನ್ನು ಹಂಚುವುದು ಮೂಲೆಯಲ್ಲಿ ಮಿಣುಕುತ್ತ ಕುಳಿತಿರುವ ರೌಟರು. 1993ರಲ್ಲಿ ರೂಪುಗೊಂಡ ಡಿಎಚ್‌ಸಿಪಿ ಎಂಬ ಪದ್ಧತಿಯಂತೆ ಅದು ಛತ್ರದ ಪಾರುಪತ್ಯಗಾರನ ಕೆಲಸವನ್ನು ಮಾಡುತ್ತದೆ. ಬಂದವರಿಗೆ ಖಾಲಿಯಿರುವ ಕೊಠಡಿ, ಅದೂ ಗೊತ್ತಾದ ಅವಧಿಗೆ. ಅವಧಿಯ ಅರ್ಧ ಕಳೆಯುತ್ತಲೇ ಯಂತ್ರವು ತಾನಾಗಿಯೇ ‘ಇನ್ನಷ್ಟು ಕಾಲ ಇರಬಹುದೇ?’ ಎಂದು ವಿಚಾರಿಸುತ್ತದೆ. ಸಾಮಾನ್ಯವಾಗಿ ಒಪ್ಪಿಗೆಯೂ ದೊರೆಯುತ್ತದೆ. ಆದಕಾರಣ ತಿಂಗಳುಗಟ್ಟಲೆ ವಿಳಾಸ ಬದಲಾಗದೆ ಇರುವುದುಂಟು. ಆದರೆ ಯಂತ್ರವು ಬಹುದಿನ ಆರಿಯೇ ಇದ್ದರೆ, ಇಲ್ಲವೆ ರೌಟರು ಆರಿ ಹೊತ್ತಿಕೊಂಡಾಗ ತನ್ನ ದಫ್ತರವನ್ನೇ ಮರೆತರೆ, ಹಳೆಯ ಕೊಠಡಿ ಬೇರೊಬ್ಬರ ಪಾಲಾಗಬಹುದು.

ಬೆಳಿಗ್ಗೆ ಹೊರಟು ಸಂಜೆ ಮರಳುವ ಅತಿಥಿಗೆ ಯಾವ ಕೊಠಡಿಯಾದರೇನು? ಮೊಬೈಲು, ಟಿವಿಗಳು ಈ ಜಾತಿಯವು. ಕಾಯಂ ವಿಳಾಸ ಬೇಕಾದುದು ಇತರರು ಹುಡುಕಿಕೊಂಡು ಬರುವ ಯಂತ್ರಕ್ಕೆ. ಮನೆಯ ಯಂತ್ರಗಳಿಗೆಲ್ಲ ಕಾಯಂ ಅಂಕೆ ಕೊಡಲು ಹೊರಡುವ ಉತ್ಸಾಹಿಗಳಿದ್ದಾರೆ. ಅದು ವ್ಯರ್ಥ ಶ್ರಮ.

ವಿಧಾನ ಕಠಿಣವಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ‘ಕಮಾಂಡ್ ಪ್ರಾಂಪ್ಟ್’ ತೆರೆದು, ಐಪಿಕಾನ್‌ಫಿಗ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಿದರೆ ಈಗಿನ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ ಮೂರೂ ಕಾಣುತ್ತವೆ. ಇವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು. ಬಳಿಕ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ‘ಐಪಿ ಅಸೈನ್‌ಮೆಂಟ್’ ಎಂಬಲ್ಲಿ ‘ಮ್ಯಾನ್ಯುಯಲ್’ ಎಂಬುದನ್ನು ಆರಿಸಿ, ಐಪಿವಿ4 ಎಂಬುದನ್ನು ಚಾಲೂ ಮಾಡಿ, ಅಂಕೆಗಳನ್ನು ತುಂಬುವುದು. ಮಾಸ್ಕ್ ಮತ್ತು ಗೇಟ್‌ವೇ ಇದ್ದಂತೆಯೇ ಇರಲಿ. ಮನೆಗಳಲ್ಲಿ ಮಾಸ್ಕ್ ಸಾಮಾನ್ಯವಾಗಿ 255.255.255.0, ಹಾಗಿದ್ದಲ್ಲಿ ವಿಳಾಸದ ಮೊದಲ ಮೂರು ಸಂಖ್ಯೆಗಳೂ ಇದ್ದಂತೆಯೇ ಇದ್ದು, ಕೊನೆಯದು ಮಾತ್ರ ಬದಲಾಗಬೇಕು. ಡಿಎನ್‌ಎಸ್ ಎಂಬ ಅಂಕಣವನ್ನು ಖಾಲಿ ಬಿಡಬಾರದು. ಬಿಟ್ಟರೆ ಹೆಸರು ಹೇಳಿ ಕರೆದ ಯಾವ ಜಾಲತಾಣವೂ ಓಗೊಡದು. ಸಾಮಾನ್ಯವಾಗಿ ಗೇಟ್‌ವೇಯ ಸಂಖ್ಯೆಯನ್ನೇ ಅಲ್ಲಿಯೂ ಬರೆದರಾಯಿತು.

ಆ ಕೊನೆಯ ಸಂಖ್ಯೆ ಯಾವುದಿರಬೇಕು? ಎಡವುವುದು ಇಲ್ಲಿಯೇ. ಮನಸ್ಸಿಗೆ ತೋರಿದ ಸಂಖ್ಯೆ ಬರೆಯುವುದೆಂದರೆ, ಪಾರುಪತ್ಯಗಾರನಿಗೆ ಹೇಳದೆ ಕೊಠಡಿಯೊಂದನ್ನು ಹೊಕ್ಕು ಅಗುಳಿ ಹಾಕಿಕೊಂಡಂತೆ. ಅವನು ಅದು ಖಾಲಿಯೆಂದೇ ಬಗೆದು ಇನ್ನೊಬ್ಬನಿಗೆ ಕೊಟ್ಟಾನು. ಆಗ ಒಂದೇ ವಿಳಾಸಕ್ಕೆ ಇಬ್ಬರು ಹಕ್ಕುದಾರರಾಗಿ, ಒಮ್ಮೆ ಇವನಿಗೆ ಸಂಪರ್ಕ, ಒಮ್ಮೆ ಅವನಿಗೆ. ವಾರಕ್ಕೊಮ್ಮೆ ಕಾಣಿಸಿಕೊಂಡು ಮಾಯವಾಗುವ ಈ ರೋಗವನ್ನು ಪತ್ತೆಮಾಡುವುದು ಬಹು ತ್ರಾಸದ ಕೆಲಸ. ರೌಟರಿನ ಪುಟವನ್ನು ತೆರೆದರೆ ಅದು ಎಲ್ಲಿಂದ ಎಲ್ಲಿಯವರೆಗಿನ ಸಂಖ್ಯೆಗಳನ್ನು ಹಂಚುವುದೆಂಬ ವಿವರ ಸಿಗುತ್ತದೆ. ಅದು 100ರಿಂದ 199 ಎಂದಿದ್ದರೆ, ಕಂಪ್ಯೂಟರಿಗೆ 50 ಎಂದು ಬರೆಯುವುದು ಕ್ಷೇಮ. 2ರಿಂದ 254ರವರೆಗೆ ಸಮಸ್ತವನ್ನೂ ತನಗೇ ಇರಿಸಿಕೊಂಡ ರೌಟರುಗಳೂ ಇವೆ. ಅಂಥಲ್ಲಿ ಮೊದಲು ಅದರ ಸೀಮೆಯನ್ನು ಕುಗ್ಗಿಸಬೇಕು.

ಇದಕ್ಕಿಂತ ಸಭ್ಯವಾದ ಮಾರ್ಗ ಇನ್ನೊಂದಿದೆ. ಕಂಪ್ಯೂಟರನ್ನು ಮುಟ್ಟದೆ ರೌಟರಿಗೇ ‘ಈತ ಬಂದರೆ ಈ ಕೊಠಡಿ’ ಎಂದು ಬರೆಸಿಡುವುದು. ‘ಅಡ್ರೆಸ್ ರಿಸರ್ವೇಷನ್’ ಎಂಬ ಶೀರ್ಷಿಕೆಯಡಿ ಇದಕ್ಕೆ ಅನೇಕ ರೌಟರುಗಳಲ್ಲಿ ಅವಕಾಶವಿದೆ. ಯಂತ್ರದ ಗುರುತಿಗೆ ಅದರ ಮ್ಯಾಕ್ ವಿಳಾಸವೆಂಬ ಹನ್ನೆರಡು ಅಕ್ಷರಾಂಕಿಗಳು ಸಾಕು. ದಫ್ತರ ಒಂದೇ ಕಡೆ ಇರುವುದರಿಂದ ಘರ್ಷಣೆಗೆ ಆಸ್ಪದ ಕಡಿಮೆ. ಲ್ಯಾಪ್‌ಟಾಪಿಗಂತೂ ಇದೇ ಲೇಸು. ಕೈಯಾರೆ ಅಂಕೆ ಬರೆದ ಲ್ಯಾಪ್‌ಟಾಪನ್ನು ಮಗ ಹಾಸ್ಟೆಲಿಗೆ ಕೊಂಡೊಯ್ದರೆ, ಅಲ್ಲಿಯೂ ಅದು ತನ್ನ ಮನೆಯ ವಿಳಾಸವನ್ನೇ ಜಪಿಸುತ್ತ ಸಂಪರ್ಕವಿಲ್ಲದೆ ಕುಳಿತಿರಬಹುದು. ಮೊಬೈಲುಗಳಿಗೆ ಕಾಯ್ದಿರಿಸುವಾಗ ಮಾತ್ರ ಎಚ್ಚರ ಬೇಕು. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14ರಿಂದೀಚೆಗೆ ಅವು ವೈಫೈ ಸೇರುವಾಗ ನಿಜವಾದ ಮ್ಯಾಕ್ ವಿಳಾಸಕ್ಕೆ ಮುಸುಕು ಹಾಕಿಕೊಳ್ಳುತ್ತವೆ.

ಕಂಪ್ಯೂಟರಿಗೆ 50 ಎಂದು ಬರೆದುಬಿಟ್ಟರೆ ದೂರದೂರಿನಲ್ಲಿರುವ ಮಗಳೂ ಅಲ್ಲಿಂದಲೇ ಛಾಯಾಚಿತ್ರಗಳನ್ನು ತೆರೆಯಬಹುದೆಂದು ಭಾವಿಸುವವರುಂಟು. ಅದು ಆಗದ ಮಾತು. 192.168 ಎಂದು ಆರಂಭವಾಗುವ ವಿಳಾಸಗಳು ಒಳಬಳಕೆಗೆಂದೇ ಮೀಸಲು. 1996ರ ನಿಯಮಾವಳಿಯಲ್ಲಿ ಅದನ್ನು ಸ್ಪಷ್ಟಪಡಿಸಲಾಗಿದೆ. ಇದೇ ಅಂಕೆ ಪಕ್ಕದ ಮನೆಯಲ್ಲಿಯೂ ಇದ್ದೀತು. ಬೀದಿಗೆ ಕಾಣುವ ವಿಳಾಸವನ್ನು ಕೊಡುವುದು ಸಂಪರ್ಕ ಒದಗಿಸುವ ಕಂಪನಿ. ಈ ಬಗೆಯ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ. ಕೇಂದ್ರ ಭಂಡಾರದ ಕೊನೆಯ ಕಂತುಗಳು 2011ರ ಫೆಬ್ರವರಿ 3ರಂದೇ ತೀರಿಹೋದವು. ಆದ್ದರಿಂದ ಎಷ್ಟೋ ಕಡೆ ಹಲವು ಮನೆಗಳು ಒಂದೇ ಹೊರವಿಳಾಸವನ್ನು ಹಂಚಿಕೊಂಡಿವೆ. ಅದು ತಮಗೊಬ್ಬರಿಗೇ ಕಾಯಂ ಆಗಿ ಬೇಕೆನ್ನುವವರು ಕಂಪನಿಯನ್ನೇ ಕೇಳಬೇಕು. ಅದಕ್ಕೆ ಬೇರೆ ಶುಲ್ಕ ತೆರಬೇಕಾಗಿಯೂ ಬರಬಹುದು.