ಹುಡುಕಿದ್ದಕ್ಕೂ ಕೂಲಿ ಕೊಡೋಣ

ರಾಜ್ಯದ ಅತಿ ಕಡಿಮೆ ಉಷ್ಣಾಂಶ ಬೀದರ್‌ನಲ್ಲಿ ಎಂಬ ಸುದ್ದಿಯನ್ನು ಪ್ರತಿ ಚಳಿಗಾಲದಲ್ಲೂ ಒಂದಲ್ಲ ಒಂದು ದಿನ ಓದುತ್ತೇವೆ. ಅಂಥ ನಸುಕಿನಲ್ಲಿ ಅಷ್ಟೂರಿನ ಗುಮ್ಮಟಗಳ ಕಡೆಯಿಂದಲೋ, ಭಾಲ್ಕಿ, ಔರಾದ ಕಡೆಯಿಂದಲೋ ಜನ ತುಂಬಿಕೊಂಡು ಹೊರಟ ಹಳೆಯ ಸುಮೋ, ಬೊಲೆರೊಗಳ ಮುಂದಿನ ಗಾಜು ಒಳಗಿದ್ದವರ ಉಸಿರಿಗೇ ಮಸುಕಾಗುತ್ತದೆ. ಚಾಲಕ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಗಾಜು ಒರೆಸುತ್ತ ಹೋಗುತ್ತಾನೆ. ಹೀಟರಿನ ಬಿಸಿಗಾಳಿ ಗಾಜಿಗೆ ತಾಗಿದರೆ ಆ ಮಸುಕು ತಾನಾಗಿ ಬಿಡುತ್ತದೆ; ಗಾಳಿ ತಳ್ಳುವ ಬ್ಲೋವರ್ ಮಾತ್ರ ಎಂದೋ ಕೆಟ್ಟಿರುತ್ತದೆ. ಮೇ ತಿಂಗಳಲ್ಲಿ ಎ.ಸಿ.ಯ ತಂಪನ್ನು ತಳ್ಳುವುದೂ ಬಹುತೇಕ ಗಾಡಿಗಳಲ್ಲಿ ಅದೇ ಬ್ಲೋವರ್. ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ಎರಡೇ: ಮೋಟಾರ್ ಬದಲಿಸೋಣ, ಇಲ್ಲವೇ ಬ್ಯಾಟರಿಯಿಂದ ನೇರ ವೈರು ಎಳೆದು ‘ಡೈರೆಕ್ಟ್’ ಮಾಡಿಬಿಡೋಣ. ಇವೆರಡಕ್ಕೂ ಮೊದಲು ದೋಷ ಎಲ್ಲಿದೆ ಎಂದು ಹುಡುಕಿಸಬೇಕು, ಹುಡುಕಿದ ಹೊತ್ತಿಗೆ ಗಿರಾಕಿ ಕೂಲಿ ಕೊಡಬೇಕು ಎಂಬುದು ನನ್ನ ವಾದ.

ಬೀದರಿನವರಿಗೆ ಇದನ್ನು ತಿಳಿಸಲು ನೌಬಾದಿನ ಕರೇಜ್ ಸಾಕು. ಬಹಮನಿ ಕಾಲದ ಆ ಸುರಂಗ ನಾಲೆಯ ಉದ್ದಕ್ಕೂ ಮೇಲಿನಿಂದ ಇಳಿಯುವ ಬಾವಿಗಳಿವೆ. ನಾಲೆಯ ಬಾಯಲ್ಲಿ ನೀರು ನಿಂತರೆ ಬಾಯನ್ನೇ ಅಗೆದು ಫಲವಿಲ್ಲ. ಒಂದೊಂದೇ ಬಾವಿಗೆ ಬಗ್ಗಿ ನೋಡಬೇಕು. ನೀರಿರುವ ಬಾವಿಗೂ ಒಣಗಿದ ಬಾವಿಗೂ ನಡುವೆ ಕಟ್ಟಿಕೊಂಡಿದೆ ಎಂದರ್ಥ. ಗಾಡಿಯ ಕರೆಂಟೂ ಹಾಗೆಯೇ. ಬ್ಯಾಟರಿಯಿಂದ ಫ್ಯೂಸ್, ಇಗ್ನಿಷನ್ ಸ್ವಿಚ್, ರಿಲೇ ದಾಟಿ, ವೇಗದ ಸ್ವಿಚ್, ರೆಸಿಸ್ಟರ್ ಮೂಲಕ ಮೋಟಾರಿಗೆ ಹೋಗಿ, ಅರ್ಥಿಂಗ್ ವೈರಿನಿಂದ ಬಾಡಿಗೆ ಮರಳುತ್ತದೆ. ಗಾಡಿಯಿಂದ ಗಾಡಿಗೆ ಈ ಸಾಲು ತುಸು ಹಿಂದೆಮುಂದಾದರೂ ವೈರುಗಳನ್ನು ಜೋಡಿಸುವ ಪ್ರತಿ ಕಪ್ಲರೂ ಒಂದು ಬಾವಿ, ಬಗ್ಗಿ ನೋಡುವ ಕಣ್ಣು ಟೆಸ್ಟ್ ಲ್ಯಾಂಪ್. ಏನನ್ನೂ ಬಿಚ್ಚದೆಯೇ ತಿಳಿಯುವುದೂ ಇದೆ. ಮೂರು ವೇಗದಲ್ಲಿ ಸತ್ತು ನಾಲ್ಕನೆಯದರಲ್ಲಿ ಮಾತ್ರ ಬ್ಲೋವರ್ ತಿರುಗಿದರೆ ಮೋಟಾರ್ ಚೆನ್ನಾಗಿದೆ; ಕೊನೆಯ ವೇಗಕ್ಕೆ ಕರೆಂಟು ರೆಸಿಸ್ಟರನ್ನು ಬಿಟ್ಟು ಹೋಗುವುದರಿಂದ ಹೋಗಿರುವುದು ರೆಸಿಸ್ಟರೇ ಎಂದು ಶಂಕಿಸಬೇಕು. ಅದು ಹೋಗಿದ್ದಾದರೂ ಏಕೆ? ರೆಸಿಸ್ಟರಿನ ಸುರುಳಿಗಳು ಬ್ಲೋವರಿನ ಗಾಳಿಯಲ್ಲೇ ತಣ್ಣಗಾಗುವಂತೆ ಅದನ್ನು ಗಾಳಿಯ ದಾರಿಯಲ್ಲಿ ಕೂರಿಸಿರುತ್ತಾರೆ. ನಮ್ಮ ಕೆಂಪು ಧೂಳು, ಬೇವಿನ ಎಲೆ ಆ ದಾರಿಯಲ್ಲಿ ತುಂಬಿಕೊಂಡರೆ ಸುರುಳಿ ಕಾದು ಸುಡುತ್ತದೆ. ದಾರಿ ತೊಳೆಯದೆ ಹೊಸ ರೆಸಿಸ್ಟರ್ ಹಾಕಿದರೆ ಮುಂದಿನ ಸೀಸನ್ನಿಗೆ ಅದೇ ಗತಿ.

ಹಳೆಯ ಗಾಡಿಗಳಲ್ಲಿ ನಿಜವಾಗಿ ಕಾಡುವುದು ಪೂರ್ತಿ ಕಡಿದ ವೈರಲ್ಲ, ಅರೆಬರೆ ಹಿಡಿದ ಕಪ್ಲರ್. ಪಿನ್ನು ಕಪ್ಪಗಾಗಿ, ಸುತ್ತಲಿನ ಪ್ಲಾಸ್ಟಿಕ್ ಹಳದಿ ತಿರುಗಿ ಕರಗಿದ ಕಪ್ಲರನ್ನು ಯಾವ ಮಿಸ್ತ್ರಿಯೂ ಗುರುತಿಸಬಲ್ಲ. ಲೆಕ್ಕ ಸರಳ. 10 ಆಂಪಿಯರ್ ಹರಿಯುವ ಕಡೆ 0.2 ಓಮ್ ತಡೆ ಹುಟ್ಟಿದರೆ 2 ವೋಲ್ಟ್ ಅಲ್ಲೇ ಕಳೆದು, 20 ವಾಟ್ ಬಿಸಿಯಾಗುತ್ತದೆ. ಹೆಚ್ಚುಕಮ್ಮಿ ಒಂದು ಸಣ್ಣ ಸೋಲ್ಡರಿಂಗ್ ಐರನ್ನಿನ ಶಾಖ, ಉಗುರಿನಷ್ಟು ಜಾಗದಲ್ಲಿ, ಡ್ಯಾಶ್‌ಬೋರ್ಡಿನ ಹಿಂದೆ. ಕಪ್ಲರ್ ಬಿಚ್ಚಿ ಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿಯೇ ತೋರಿಸಿ ಮೋಸ ಮಾಡುತ್ತದೆ, ಏಕೆಂದರೆ ಆಗ ಕರೆಂಟು ಹರಿಯುತ್ತಿರುವುದಿಲ್ಲ. ಸ್ವಿಚ್ ಹಾಕಿ, ಮೋಟಾರ್ ಜೋಡಿಸಿಟ್ಟೇ ಅಳೆಯಬೇಕು. ಮೋಟಾರಿನ ಅರ್ಥಿಂಗ್ ವೈರಿಗೂ ಬಾಡಿಗೂ ನಡುವೆ ಒಂದೆರಡು ವೋಲ್ಟ್ ಕಂಡರೆ ಖರ್ಚು ಉಪ್ಪುಕಾಗದದ ಒಂದು ತುಂಡು ಮಾತ್ರ: ತುಕ್ಕು ಉಜ್ಜಿ, ಬೋಲ್ಟ್ ಬಿಗಿದರಾಯಿತು.

ಡೈರೆಕ್ಟ್ ಮಾಡಿದ ಗಾಡಿಗಳು ವರ್ಷಗಟ್ಟಲೆ ಓಡುತ್ತಿಲ್ಲವೇ ಎನ್ನುವವರಿದ್ದಾರೆ. ಓಡುತ್ತಿವೆ. ದಪ್ಪ ವೈರು, ಹೊಸ ರಿಲೇ, ಬ್ಯಾಟರಿಯ ಹತ್ತಿರವೇ ತಕ್ಕ ಫ್ಯೂಸ್ ಇಟ್ಟು ಮಾಡಿದ್ದರೆ ಅದಕ್ಕೆ ನನ್ನ ತಕರಾರಿಲ್ಲ. ಅದು ಹೊಸ ಸರ್ಕ್ಯೂಟ್. ಆದರೆ ಫ್ಯೂಸ್ ಬಿಟ್ಟು ಎಳೆದ ತೆಳು ವೈರು, ನೀಲಿ 15ರ ಜಾಗಕ್ಕೆ ಹಸಿರು 30ರ ಫ್ಯೂಸ್, ಇವು ಬೇರೆಯೇ ಮಾತು. ಫ್ಯೂಸ್ ಇರುವುದು ಮೊದಲಿಗೆ ವೈರನ್ನು ಕಾಯುವುದಕ್ಕೆ. 30 ಹಾಕಿದ ಮೇಲೆ ಫ್ಯೂಸಿಗಿಂತ ಮೊದಲು ವೈರೇ ಸುಡುತ್ತದೆ, ಆ ವೈರು ಪ್ರಯಾಣಿಕರ ಕಾಲ ಬಳಿಯೇ ಇರುತ್ತದೆ. ಹದಿನೈದು ವರ್ಷ ದಾಟಿದ ಗಾಡಿಗೆ ಇಷ್ಟೆಲ್ಲ ಏಕೆ ಎಂಬ ಮಾತೂ ಸಲ್ಲದು. ಯೋಗ್ಯವೆಂದು ತೇರ್ಗಡೆಯಾದ ಖಾಸಗಿ ಗಾಡಿಗೆ ಕಾನೂನೇ ಐದು ವರ್ಷ ನೋಂದಣಿ ನವೀಕರಿಸಿ ಕೊಡುತ್ತದೆ. ಓಡುವಷ್ಟು ದಿನ ಅದು ಸುರಕ್ಷಿತವಾಗಿ ಓಡಬೇಕು.

ದಿನದ ದುಡಿಮೆ ನೆಚ್ಚಿದ ಚಾಲಕ ಹುಡುಕುವ ಕೂಲಿ ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಮಾತ್ರ ತೂಕವಿದೆ. ಆದರೆ ಇವತ್ತು ಬೇಡದ ಮೋಟಾರಿಗೆ ಅವನು ತೆರುತ್ತಿರುವುದು ಅದಕ್ಕಿಂತ ಹೆಚ್ಚು. ಸಾಮಾನಿನ ಬಿಲ್ಲಿಗೆ ದುಡ್ಡು ಎಣಿಸುವ ನಾವು, ಮುಕ್ಕಾಲು ಗಂಟೆ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಒಂದು ಬೋಲ್ಟ್ ಬಿಗಿದವನಿಗೆ ‘ಏನು ಹಾಕಿದ್ದೀ ಅಂತ ಇಷ್ಟು?’ ಎನ್ನುತ್ತೇವೆ. ಹೀಗೆ ಕೇಳಿಸಿಕೊಂಡ ಮಿಸ್ತ್ರಿ ಮುಂದಿನ ಸಲ ಬೋಲ್ಟ್ ಹುಡುಕುವುದಿಲ್ಲ, ಮೋಟಾರ್ ತರಿಸುತ್ತಾನೆ. ಅದರಲ್ಲಿ ಅವನ ತಪ್ಪಿಗಿಂತ ನಮ್ಮದೇ ದೊಡ್ಡದು. ಗಾಡಿ ಬಿಡುವಾಗಲೇ ಹೇಳಿಬಿಡೋಣ: ಹುಡುಕಿದ್ದಕ್ಕೆ ಇಷ್ಟು, ಸಾಮಾನು ಬೇಕಾದರೆ ಬೇರೆ, ತೆಗೆದ ಹಳೆಯ ಕಪ್ಲರನ್ನು ನಮ್ಮ ಕೈಗೆ ಕೊಡಬೇಕು.