ಆಳನ್ನು ಉಳಿಸಿಕೊಂಡವರಿಗೆ ಪ್ರೋತ್ಸಾಹಧನ

ಚಾಟಣಿ ಬಂದಾಗ ರೈತನಿಗೆ ಆಳಿಲ್ಲ. ಮುಗಿದಾಗ ಆಳಿಗೆ ಕೆಲಸವಿಲ್ಲ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಸೀಮೆಯ ಕಷ್ಟವಿದು.

2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಹೆಚ್ಚುವರಿ ನೌಕರರನ್ನು ಸೇರಿಸಿಕೊಂಡು, ಆರು ತಿಂಗಳಾದರೂ ಉಳಿಸಿಕೊಂಡ ಮಾಲಿಕರಿಗೆ ಕೇಂದ್ರ ಸರ್ಕಾರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯು ಸಂಬಳಕ್ಕನುಸಾರ ತಲೆಗೆ ತಿಂಗಳಿಗೆ 3,000 ರೂಪಾಯಿವರೆಗೆ ಎರಡು ವರ್ಷ ಕೊಡುತ್ತದೆ. 50ಕ್ಕಿಂತ ಕಡಿಮೆ ನೌಕರರಿರುವ ಘಟಕ ಇಬ್ಬರನ್ನು ಹೆಚ್ಚಿಸಿದರೂ ಸಾಕು. ಆದರೆ ಭವಿಷ್ಯನಿಧಿಗೆ ನೋಂದಾಯಿಸದ ತೋಟಕ್ಕೆ ಇದು ದಕ್ಕದು.

ಆದುದರಿಂದ ಬೆಳೆಗಾರರು ಉತ್ಪಾದಕರ ಕಂಪನಿ ಕಟ್ಟಿ, ವಿಜಯಪುರದ ಮಾರುಕಟ್ಟೆಗೆ ಹೋಗುವ ಒಣದ್ರಾಕ್ಷಿಯನ್ನು ಊರಲ್ಲೇ ವಿಂಗಡಿಸುವ ಘಟಕ ತೆರೆಯುವುದು ಮೇಲು. ಚಾಟಣಿಯಲ್ಲಿ ತೋಟದ ಕೆಲಸ, ಉಳಿದ ದಿನ ಘಟಕದ ಕೆಲಸ. ಆಳಿಗೆ ವರ್ಷವಿಡೀ ಸಂಬಳ. ಪ್ರೋತ್ಸಾಹಧನ ಎರಡು ವರ್ಷದ್ದು. ಆಮೇಲೂ ಆಳು ನಿಲ್ಲುವುದು ನ್ಯಾಯವಾದ ಕೂಲಿಯಿಂದಲೇ.