ನಲ್ಲಿ ನೀರಿನ ಕ್ಲೋರಿನ್ ಲೆಕ್ಕ ಊರಿಗೆ ಗೊತ್ತಾಗಲಿ



2024ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆ ಮುಗಿಯುತ್ತಿದ್ದಂತೆ ವಾಂತಿ ಭೇದಿ ಶುರುವಾಗಿ ಜನ ಸತ್ತರು. ಅದರ ಹಿಂದಿನ ವರ್ಷ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಹಾಗೇ ಆಗಿತ್ತು. ಎರಡೂ ಕಡೆ ಸಾವಾದ ಮೇಲೆ ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಸಾವಿಗೆ ಮೊದಲು ಆ ಊರಿನವರಿಗೆ ತಮ್ಮ ನಲ್ಲಿಯಲ್ಲಿ ಏನು ಬರುತ್ತಿದೆ ಎಂದು ತಿಳಿಯುವ ದಾರಿ ಏನಿತ್ತು? ಇವತ್ತು ಕಂದಿಕೆರೆ ಹೋಬಳಿಯ ನಮಗೂ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಕಡೆಯವರಿಗೂ ಆ ದಾರಿ ಕಾಣುತ್ತಿಲ್ಲ. ಈ ಪತ್ರ ಅದಕ್ಕಾಗಿ.

ನಮ್ಮಲ್ಲಿ ನೀರಿನ ಮಾತು ಬಂದರೆ ಮೊದಲು ಬರುವುದು ಫ್ಲೋರೈಡ್. ಅದು ನಿಜವಾದ ತೊಂದರೆಯೇ, ಹಲ್ಲು ಮೂಳೆ ಹಾಳುಮಾಡುತ್ತದೆ. ಆದರೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಬಂದ ಮೇಲೆ ನೀರಿನ ಚಿಂತೆಯೇ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಯಂತ್ರದ ಒಳಗಿನ ಪೊರೆ ಸೂಕ್ಷ್ಮಾಣುಗಳನ್ನೂ ತಡೆಯುತ್ತದೆ, ಸರಿ. ಪೊರೆ ದಾಟಿದ ನೀರಿನಲ್ಲಿ ಮಾತ್ರ ಕ್ಲೋರಿನ್ ಉಳಿದಿರುವುದಿಲ್ಲ. ಅದು ಸೇರುವ ತೊಟ್ಟಿಯನ್ನು ತಿಂಗಳುಗಟ್ಟಲೆ ತೊಳೆಯದಿದ್ದರೆ, ನಮ್ಮ ಕ್ಯಾನಿನ ಒಳಮೈಗೆ ಹಸಿರು ಪಾಚಿ ಹತ್ತಿದ್ದರೆ, ಅಲ್ಲಿ ಮತ್ತೆ ಸೇರುವ ಸೂಕ್ಷ್ಮಾಣುಗಳನ್ನು ತಡೆಯುವುದಕ್ಕೆ ಏನೂ ಇಲ್ಲ. ಘಟಕದ ಗೋಡೆಯ ಮೇಲೆ ಬರೆದಿರುವ ಟಿಡಿಎಸ್ ನೀರಿನಲ್ಲಿ ಕರಗಿದ ಲವಣದ ಲೆಕ್ಕವೇ ಹೊರತು ರೋಗಾಣುವಿನ ಲೆಕ್ಕವಲ್ಲ.

ಸಾವಿರ ಅಡಿ ಬೋರ್‌ವೆಲ್ ನೀರಿಗೆ ಏನಾಗುತ್ತದೆ ಎಂದು ಕೇಳುವವರೂ ಇದ್ದಾರೆ. ಬೋರಿನಿಂದ ಮೇಲೆ ಬರುವಾಗ ನೀರು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕೆಡುವುದು ದಾರಿಯಲ್ಲಿ. ಹೆಚ್ಚಿನ ಹಳ್ಳಿಗಳಲ್ಲಿ ನೀರು ಬಿಡುವುದು ದಿನಕ್ಕೆ ಒಂದೆರಡು ಗಂಟೆ. ಒತ್ತಡ ಸಾಲದು ಎಂದು ಮನೆಮುಂದೆ ಗುಂಡಿ ತೋಡಿ ನಲ್ಲಿಯನ್ನು ನೆಲದ ಮಟ್ಟದಿಂದ ಕೆಳಗೆ ಇಳಿಸಿರುತ್ತೇವೆ. ಚರಂಡಿ ಪಕ್ಕದಲ್ಲೇ. ಮಳೆ ಬಂದರೆ ಗುಂಡಿ ತುಂಬಿ ನಲ್ಲಿಯ ಮೂತಿ ಆ ನೀರಿನಲ್ಲಿ ಮುಳುಗುತ್ತದೆ. ಮೇಲೆ ವಾಲ್ವ್ ಮುಚ್ಚಿದಾಗ ಪೈಪು ಖಾಲಿಯಾಗುತ್ತಾ ಆ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಯಾರಾದರೂ ನಲ್ಲಿಗೇ ಮೋಟಾರ್ ಹಾಕಿದ್ದರೆ ಇನ್ನೂ ಜೋರಾಗಿ ಎಳೆಯುತ್ತದೆ. ಮರುದಿನ ಮೊದಲ ಬಿಂದಿಗೆ ಯಾರ ಮನೆಗೆ ಹೋಯಿತೋ ಆ ಮನೆಯ ಮಗು ಮಲಗುತ್ತದೆ.

ಇದನ್ನು ತಡೆಯುವುದಕ್ಕೇ ಕ್ಲೋರಿನ್ ಬೇಕಾಗಿರುವುದು. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ 100 ಮಿಲಿ ಲೀಟರ್‌ನಲ್ಲಿ ಇ-ಕೊಲಿ ಒಂದೂ ಸಿಗಕೂಡದು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೇವೆ ಎಂದರೆ ಸಾಲದು. ಚೀಲ ಬಿಚ್ಚಿ ಬಿಸಿಲಿಗೆ ಬಿಟ್ಟ ಪೌಡರ್ ದಿನೇ ದಿನೇ ಸತ್ವ ಕಳೆದುಕೊಳ್ಳುತ್ತದೆ. ಔಷಧಿ ವಾಸನೆ ಎಂದು ನಾವು ನೀರುಗಂಟಿಯನ್ನು ಬೈದರೆ ಅವರೂ ಕೈ ಹಿಡಿದು ಹಾಕುತ್ತಾರೆ. ಆದ್ದರಿಂದ ಅಳೆಯಬೇಕಾದದ್ದು ಕಟ್ಟಕಡೆಯ ಮನೆಯ ನಲ್ಲಿಯಲ್ಲಿ.

ಶುದ್ಧೀಕರಣ ಘಟಕ ಇದ್ದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ ಎಂದು ತೋರಿಸಿದ್ದು 2022ರ ರಾಯಚೂರು. ಅಲ್ಲಿ ಜನ ಸತ್ತದ್ದು ನಗರಕ್ಕೆ ಬಿಡುವ ನೀರನ್ನೇ ಕುಡಿದು. ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ 2000ದ ಮೇ ತಿಂಗಳಲ್ಲಿ ಜೋರು ಮಳೆಗೆ ದನದ ಗೊಬ್ಬರದ ರೋಗಾಣು ಊರಿನ ಬಾವಿಗೆ ಸೇರಿ 7 ಜನ ತೀರಿಕೊಂಡರು, 2,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನೀರು ನೋಡಿಕೊಳ್ಳುತ್ತಿದ್ದವರು ಕ್ಲೋರಿನ್ ಅಳೆಯದೆಯೇ ಪುಸ್ತಕದಲ್ಲಿ ಅಂಕಿ ತುಂಬಿದ್ದರು ಎಂದು ವಿಚಾರಣೆಯಲ್ಲಿ ಹೊರಬಂತು. ನಮ್ಮ ಬೋರ್‌ವೆಲ್‌ಗಳ ಪಕ್ಕದಲ್ಲೂ ತಿಪ್ಪೆ, ಕೊಟ್ಟಿಗೆ ಇವೆ.

ಪರೀಕ್ಷೆ ದೊಡ್ಡ ಕೆಲಸವೇನಲ್ಲ. ಕ್ಲೋರಿನ್ ಕಿಟ್‌ನಲ್ಲಿ ಔಷಧಿ ಹನಿಸಿ ಬಣ್ಣ ಹೋಲಿಸುವುದಕ್ಕೆ ಕೆಲವು ನಿಮಿಷ ಸಾಕು. ರೋಗಾಣು ಪರೀಕ್ಷೆಯ ಎಚ್‌ಟುಎಸ್ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರು ಕುಡಿಯಬಾರದು ಎಂದು ಯಾರಿಗಾದರೂ ತಿಳಿಯುತ್ತದೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲೂ ಐದು ಮಹಿಳೆಯರಿಗೆ ಈ ಪರೀಕ್ಷೆಯ ತರಬೇತಿ ಕೊಡಬೇಕೆಂದು ಹೇಳಿದೆ. ಅವರು ಕಂಡದ್ದು ಊರಿಗೇ ತಿಳಿಯದಿದ್ದರೆ ಏನು ಪ್ರಯೋಜನ?

ಜಿಲ್ಲಾ ಪಂಚಾಯಿತಿಯವರಲ್ಲಿ ನನ್ನ ಕೋರಿಕೆ ಇಷ್ಟು: ಪ್ರತಿ ಹಳ್ಳಿಯ ಕೊನೆಯ ನಲ್ಲಿಯ ಕ್ಲೋರಿನ್ ಅಂಕಿಯನ್ನು, ಬಾಟಲಿ ಪರೀಕ್ಷೆಯ ಫಲಿತಾಂಶವನ್ನು ತಾರೀಖು ಸಮೇತ ಡೇರಿ ಮುಂದೆ, ಅಂಗನವಾಡಿ ಬಾಗಿಲಲ್ಲಿ ಬರೆಸಿ. ಜಾತ್ರೆಗೆ ಮುಂಚೆ ಒಮ್ಮೆ, ಮೊದಲ ಮಳೆ ಬಿದ್ದ ಮೇಲೆ ಒಮ್ಮೆ ತಪ್ಪದೆ ಪರೀಕ್ಷೆ ಮಾಡಿಸಿ. ನಲ್ಲಿ ಗುಂಡಿಗಳನ್ನು ಮುಚ್ಚಿಸಿ ನಲ್ಲಿಗಳನ್ನು ನೆಲದಿಂದ ಮೇಲಕ್ಕೆ ಎತ್ತಿಸಲು ಈ ಮುಂಗಾರಿಗೆ ಮೊದಲೇ ಹಣ ಕೊಡಿ.

– ಒಬ್ಬ ತೆಂಗು ಬೆಳೆಗಾರ, ಕಂದಿಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕು